ಒಂದು ಔಟಿನ ಪಿಚರ್

ನಾನು ವೃತ್ತಿಪರ ಬೇಸ್‌ಬಾಲ್ ಆಟಗಾರನಾಗಿದ್ದೆ. ಈ ವಾಕ್ಯ ಬರೆದಿಟ್ಟು ಹೋಗಿ ಚಹಾ ಕುಡಿದು ಬಂದೆ, ಮತ್ತೆ ಓದಿದೆ, ಇನ್ನೂ ನಗು ಬರುತ್ತಿದೆ. ಆದರೆ ಸುಳ್ಳಲ್ಲ. ಕಾಂಟ್ರ್ಯಾಕ್ಟಿನ ಕಾಗದ ಸಿಡ್ನಿಯ ವೆಸ್ಟ್‌ಮೀಡಿನ ನಮ್ಮ ಫ್ಲ್ಯಾಟಿನಲ್ಲಿ, ಕಾರಿನ ಇನ್ಶೂರೆನ್ಸ್ ಮತ್ತು ಮಗಳ ಲಸಿಕೆ ಕಾರ್ಡಿನ ಜೊತೆ ಒಂದೇ ಫೈಲಿನಲ್ಲಿದೆ. ನನ್ನ ವೃತ್ತಿಜೀವನ ಗುರುವಾರ ಶುರುವಾಗಿ ಭಾನುವಾರ ಮುಗಿಯಿತು. ಅಷ್ಟರಲ್ಲಿ ನಾನು ಒಬ್ಬನನ್ನು ಔಟ್ ಮಾಡಿದೆ. ನಮ್ಮ ಲಿಫ್ಟಿನಲ್ಲಿ ಸಿಗುವವರಿಗೆಲ್ಲ ಈ ಕಥೆ ಗೊತ್ತು. ಹೊಸಬರು ಯಾರಾದರೂ ಬಾಡಿಗೆಗೆ ಬಂದರೆ ಹೆಂಡತಿ ನನ್ನನ್ನು ಮೆಟ್ಟಿಲ ಕಡೆ ಎಳೆದುಕೊಂಡು ಹೋಗುತ್ತಾಳೆ.

ಆ ಒಂದು ಔಟಿಗೆ ಇಷ್ಟೊಂದು ಕುಣಿದಾಟ ಯಾಕೆ ಅಂತ ಹೇಳಬೇಕಾದರೆ ಹುಬ್ಬಳ್ಳಿಗೆ ಹೋಗಬೇಕು. ಕಾಲೇಜಿನ ದಿನಗಳಲ್ಲಿ ನನ್ನಷ್ಟು ಜೋರಾಗಿ ಬೌಲಿಂಗ್ ಮಾಡುವವರು ನಮ್ಮ ಓಣಿಯಲ್ಲಿ ಇರಲಿಲ್ಲ. ತೊಂದರೆ ಒಂದೇ. ಚೆಂಡು ಬಿಡುವಾಗ ನನ್ನ ಮೊಣಕೈ ಮಡಚಿಕೊಳ್ಳುತ್ತಿತ್ತು. ಕ್ರಿಕೆಟ್ಟಿನಲ್ಲಿ ಅದು ಬೌಲಿಂಗ್ ಅಲ್ಲ, ಬರೀ ಎಸೆತ, ತಪ್ಪು. ಓಣಿಯಲ್ಲಿ ಯಾರೂ ತಕರಾರು ತೆಗೆಯಲಿಲ್ಲ, ಯಾಕೆಂದರೆ ಬ್ಯಾಟು, ಚೆಂಡು ಎರಡೂ ನನ್ನವು. ಆದರೆ ಕಾಲೇಜು ಟೂರ್ನಮೆಂಟಿನ ಫೈನಲಿಗೆ ಅಂಪೈರ್ ಆಗಿ ಬಂದವರು ನನ್ನ ಸೋದರಮಾವ. ಅಳಿಯ ಅನ್ನುವ ಮುಲಾಜೂ ಇಲ್ಲದೆ ನಾನು ಹಾಕಿದ ಪ್ರತಿ ಚೆಂಡಿಗೂ ನೋ-ಬಾಲ್ ಅಂದರು. ಓವರ್ ಮುಗಿಯಲೇ ಇಲ್ಲ. ಕ್ಯಾಪ್ಟನ್ ನನ್ನ ಕೈಯಿಂದ ಚೆಂಡು ಕಿತ್ತುಕೊಂಡ. ಸಂಜೆ ಮಾಮಾ ನಮ್ಮ ಮನೆಗೇ ಬಂದು, ಅವ್ವ ಕೊಟ್ಟ ಚಹಾ ಕುಡಿಯುತ್ತ ಹೇಳಿದರು, “ಅದು ಬೌಲಿಂಗ್ ಅಲ್ಲೋ ತಮ್ಮಾ. ಮಾವಿನಕಾಯಿಗೆ ಕಲ್ಲು ಒಗಿಯೋದು.”

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಅದಕ್ಕೇ ಇನ್ನೂ ಹೊಟ್ಟೆ ಉರಿಯಿತು. ಅವತ್ತು ಬಿಟ್ಟ ಚೆಂಡನ್ನು ನಾನು ಮತ್ತೆ ಮುಟ್ಟಲಿಲ್ಲ. ಓದಿದೆ, ಸಿಡ್ನಿಗೆ ಬಂದೆ, ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಹಿಡಿದೆ. ಮಾಮಾ ಮೆಲ್ಬರ್ನಿಗೆ ಬಂದು, ಕಾಯಂ ಆಗಿ ಇರಲು ಪಿಆರ್ ಮಾಡಿಸಿಕೊಂಡು ಕ್ರೇಗಿಬರ್ನಿನಲ್ಲಿ ಮನೆ ಕಟ್ಟಿಸಿದರು. ಕೆಲಸ ಮಾತ್ರ ಊರಿನ ಇನ್ನೊಂದು ತುದಿಗೆ, ಡ್ಯಾಂಡಿನಾಂಗಿನ ಒಂದು ಕಾರ್ಖಾನೆಯಲ್ಲಿ. ಹಬ್ಬಕ್ಕೆ ಫೋನ್ ಮಾಡುತ್ತಿದ್ದೆವು. ಕ್ರಿಕೆಟ್ಟಿನ ಮಾತು ಇಬ್ಬರೂ ಎತ್ತುತ್ತಿರಲಿಲ್ಲ.

ಒಂದು ಭಾನುವಾರ ಲ್ಯಾಬಿನವರೆಲ್ಲ ಪಾರ್ಕಿಗೆ ಊಟಕ್ಕೆ ಹೋಗಿದ್ದೆವು. ಯಾರದೋ ಚೆಂಡು ನನ್ನ ತಟ್ಟೆಯ ಪಕ್ಕ ಬಂದು ಬಿತ್ತು. ಕೂತಲ್ಲಿಂದ ಎದ್ದು ವಾಪಸ್ ಎಸೆದೆ. ನನ್ನ ಜೊತೆ ಕೆಲಸ ಮಾಡುವ ಆಸ್ಟ್ರೇಲಿಯಾದವನೊಬ್ಬ ತಿನ್ನುತ್ತಿದ್ದ ಸಾಸೇಜ್ ಕೆಳಗಿಟ್ಟು, ಇನ್ನೊಮ್ಮೆ ಎಸೆ ಅಂದ. ಎಸೆದೆ. ಅವನು ನಮ್ಮ ಸಬರ್ಬಿನ ಬೇಸ್‌ಬಾಲ್ ಕ್ಲಬ್ಬಿನಲ್ಲಿ ಕ್ಯಾಚರ್, ಅಂದರೆ ಬೌಲರ್ ಜಾಗದಲ್ಲಿ ಚೆಂಡು ಎಸೆಯುವ ಪಿಚರ್‌ನ ಎಸೆತವನ್ನು ಬ್ಯಾಟರ್ ಹಿಂದೆ ಕುಕ್ಕರಗಾಲಲ್ಲಿ ಕೂತು ಹಿಡಿಯುವವನು. ಮರುವಾರವೇ ನನ್ನನ್ನು ಗ್ರೌಂಡಿಗೆ ಕರೆದುಕೊಂಡು ಹೋದ.

ಮೊದಲ ದಿನ ನಾನು ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ಓಡಿ ಬಂದೆ. ನಿಂತಲ್ಲೇ ಎಸೆಯಬೇಕು ಅಂದ. ನಿಂತೆ. ಚೆಂಡನ್ನು ಒಳ್ಳೆ ಲೆಂಗ್ತಿಗೆ ನೆಲಕ್ಕೆ ಕುಟ್ಟಿದೆ, ಅದು ಎಗರಿ ಅವನ ಮೊಣಕಾಲಿಗೆ ಬಡಿಯಿತು. ನೆಲಕ್ಕೂ ನಿನಗೂ ಏನು ದ್ವೇಷ ಅಂತ ಕೇಳಿದ. ಮೂರನೇ ಸಲ ನೇರ ಅವನ ಗ್ಲೌಸಿಗೆ ಎಸೆದೆ, ಮೊಣಕೈ ಪೂರ್ತಿ ಮಡಚಿ, ಮನಸಾರೆ. ಎಸೆದವನು ಹಾಗೇ ಕತ್ತು ಕುಗ್ಗಿಸಿ ನಿಂತೆ, ಯಾರಾದರೂ ನೋ-ಬಾಲ್ ಅಂತ ಕೂಗುತ್ತಾರೆ ಅಂದುಕೊಂಡು. ಯಾರೂ ಕೂಗಲಿಲ್ಲ. ಮೊಣಕೈ ಮಡಚಬೇಕಾದದ್ದೇ ಹೀಗೆ ಅಂದ ಅವನು. ನನಗೆ ಎಷ್ಟು ಸಂತೋಷವಾಯಿತೆಂದರೆ, ಗ್ರೌಂಡಿನ ನಡುವೆ ನಿಂತು ಒಬ್ಬನೇ ನಗತೊಡಗಿದೆ. ಇಡೀ ಜಗತ್ತಿನಲ್ಲಿ ನನ್ನ ತಪ್ಪನ್ನೇ ನಿಯಮ ಮಾಡಿಕೊಂಡ ಒಂದು ಆಟ ಇತ್ತು. ಇಷ್ಟು ವರ್ಷ ಯಾರೂ ಹೇಳಿರಲಿಲ್ಲ.

ಮೂರು ಬೇಸಿಗೆ ಕ್ಲಬ್ಬಿಗೆ ಆಡಿದೆ. ಆಮೇಲೆ ಆ ಗುರುವಾರ ಬಂತು. ಸಿಡ್ನಿಯ ವೃತ್ತಿಪರ ತಂಡದಲ್ಲಿ ಇಬ್ಬರು ಪಿಚರ್‌ಗಳ ಭುಜ ಕೈಕೊಟ್ಟಿತ್ತು, ಶನಿವಾರ ಮೆಲ್ಬರ್ನಿನಲ್ಲಿ ಪಂದ್ಯ, ಒಂದು ತೋಳು ಬೇಕಾಗಿತ್ತು. ಯಾರೋ ನನ್ನ ಹೆಸರು ಹೇಳಿದ್ದರು. ಭಾನುವಾರದ ತನಕದ ಕಾಂಟ್ರ್ಯಾಕ್ಟಿಗೆ ಅವತ್ತೇ ಸಹಿ ಹಾಕಿದೆ. ಲ್ಯಾಬಿನ ಮೇಲಧಿಕಾರಿಗೆ ರಜೆ ಅರ್ಜಿ ಕೊಟ್ಟೆ. ಕಾರಣ ಅನ್ನುವ ಜಾಗದಲ್ಲಿ ‘ವೃತ್ತಿಪರ ಕ್ರೀಡೆ’ ಅಂತ ಬರೆದೆ. ಆಕೆ ಅದನ್ನು ಓದಿ, ನನ್ನ ಹೊಟ್ಟೆ ನೋಡಿ, ಸಹಿ ಹಾಕಿದರು. ತಂಡದವರು ಕೊಟ್ಟ ಅಂಗಿ ಮೊಣಕಾಲಿನ ತನಕ ಬರುತ್ತಿತ್ತು. ಅದನ್ನು ಹಾಕಿಕೊಂಡೇ ಅಡುಗೆಮನೆಯಲ್ಲಿ ಓಡಾಡಿದೆ.

ಆಮೇಲೆ ಮಾಮಾಗೆ ಫೋನ್ ಮಾಡಿದೆ. “ಚೆಂಡು ಒಗಿಯಾಕ ಬರಾಕತ್ತೀನಿ,” ಅಂದೆ. “ಬರ್ತೀವಿ,” ಅಂದರು. ಫೋನ್ ಇಟ್ಟಾಗ ನನಗೆ ಏನು ಬೇಕು ಅನ್ನುವುದು ಸ್ಪಷ್ಟವಾಗಿತ್ತು. ತಂಡ ಗೆಲ್ಲಲಿ, ಸೋಲಲಿ. ಮಾಮಾನ ಕಣ್ಣೆದುರು ಒಬ್ಬನೇ ಒಬ್ಬ ನನ್ನ ಕೈಯಲ್ಲಿ ಔಟ್ ಆಗಬೇಕು.

ಶನಿವಾರ ಮಧ್ಯಾಹ್ನ ಮಾಮಾ ಬೇಲಿಯ ಪಕ್ಕದ ಮೊದಲ ಸಾಲಿನಲ್ಲೇ ಕೂತಿದ್ದರು. ಪಾಲಿಶ್ ಮಾಡಿದ ಬೂಟು, ಇಸ್ತ್ರಿ ಮಾಡಿದ ಅಂಗಿ. ಪಕ್ಕದಲ್ಲಿ ಮಾಮಿ, ಮಡಿಲಲ್ಲಿ ಮಂಡಕ್ಕಿ ಗಿರಮಿಟ್ ತುಂಬಿದ ಸ್ಟೀಲ್ ಡಬ್ಬಿ. ನಮ್ಮ ತಂಡ ಆಗಲೇ ಮುಗ್ಗರಿಸಿ ಬಿದ್ದಿತ್ತು. ಇನ್ನು ಕೆಡಲು ಏನೂ ಉಳಿದಿಲ್ಲ ಅನ್ನುವ ಹೊತ್ತಿಗೆ ಕೋಚ್ ನನ್ನ ಕಡೆ ತಿರುಗಿದರು. ಎದುರಾಳಿಗಳ ಆ ಬ್ಯಾಟಿಂಗ್ ಸರದಿ ಮುಗಿಯಲು ಒಂದು ಔಟ್ ಬಾಕಿ ಇತ್ತು. ಅದನ್ನು ಮಾಡಿ ಬಾ ಅಂದರು.

ಪಿಚರ್ ನಿಲ್ಲುವ ಮಣ್ಣಿನ ದಿಬ್ಬ ಹತ್ತಿದೆ. ಮೊದಲ ಎಸೆತಕ್ಕೇ ಬ್ಯಾಟರ್ ತಡವರಿಸಿದ. ಚೆಂಡು ಬ್ಯಾಟಿನ ತುದಿಗೆ ತಾಗಿ ಮೆಲ್ಲಗೆ ಉರುಳುತ್ತ ನನ್ನ ಕಡೆಗೇ ಬಂತು. ಇಷ್ಟು ಸುಲಭದ ಔಟ್ ಇನ್ನೊಂದಿಲ್ಲ. ಎತ್ತಿ, ಅವನು ಓಡಿ ಮೊದಲ ಬೇಸ್ ಅನ್ನುವ ಮೆತ್ತೆ ಮುಟ್ಟುವ ಮುಂಚೆ ಅಲ್ಲಿ ನಿಂತ ನಮ್ಮವನಿಗೆ ಎಸೆದರೆ ಮುಗಿಯಿತು. ನಾನು ಕ್ರಿಕೆಟ್ಟಿನ ಅಭ್ಯಾಸದಲ್ಲಿ ಚೆಂಡನ್ನು ಕಾಲಿನಿಂದ ತಡೆದೆ. ಬಗ್ಗಿ ಎತ್ತಿದೆ. ಕಾಲು ತಾಗಿತಲ್ಲ, ಎರಡೂ ಕಣ್ಣಿಗೆ ಒತ್ತಿಕೊಂಡೆ. ಮೊದಲು ಬಲಗಣ್ಣಿಗೆ, ಆಮೇಲೆ ಎಡಗಣ್ಣಿಗೆ, ಅವ್ವ ಕಲಿಸಿದ ಹಾಗೆ, ಸಾವಕಾಶವಾಗಿ. ಪುಸ್ತಕಕ್ಕೆ ಕಾಲು ತಾಗಿದರೆ, ತಟ್ಟೆಗೆ ತಾಗಿದರೆ, ಮಂದಿಗೆ ತಾಗಿದರೆ ಮಾಡುವುದನ್ನೇ ಚೆಂಡಿಗೂ ಮಾಡಿದೆ. ಕಣ್ಣು ತೆರೆದಾಗ ಬ್ಯಾಟರ್ ಮೊದಲ ಬೇಸಿನ ಮೇಲೆ ನಿಂತು ಮೈಮೇಲಿನ ಧೂಳು ಝಾಡಿಸುತ್ತಿದ್ದ.

ಇಡೀ ಗ್ರೌಂಡ್ ಬಾಯಿ ತೆರೆದು ನೋಡುತ್ತಿತ್ತು. ಕೋಚ್ ಟೋಪಿ ತೆಗೆದು ಅದರೊಳಗೆ ಮುಖ ಇಟ್ಟರು. ನಾನು ಮಾಡಿದ್ದು ಏನು ಅಂತ ಅಲ್ಲಿದ್ದವರಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಮಾಮಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಮಾಮಾ ಎದ್ದು ನಿಂತಿದ್ದರು.

“ಲೇ, ನಮಸ್ಕಾರ ಆಮ್ಯಾಲೆ ಮಾಡಿದ್ರಾತು, ಮೊದಲ ಒಗಿಯಲೇ,” ಅಂತ ಹುಬ್ಬಳ್ಳಿಗೆ ಕೇಳುವ ಹಾಗೆ ಕೂಗಿದರು.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಒಗಿ ಅಂದರು, ಮಾಮಾ. ಮುಂದಿನ ಬ್ಯಾಟರ್ ನನಗಿಂತ ಒಂದೂವರೆ ಪಟ್ಟು ಇದ್ದ. ಒಗೆದೆ, ಬ್ಯಾಟ್ ಬೀಸಿದ, ಸಿಗಲಿಲ್ಲ. ಎರಡನೆಯದಕ್ಕೆ ಬೀಸಲೇ ಇಲ್ಲ, ಹೊಡೆಯಬಹುದಾದ ಚೆಂಡು ಬಿಟ್ಟ ಅಂತ ಅಂಪೈರ್ ಅದನ್ನೂ ಸ್ಟ್ರೈಕ್ ಅಂದರು. ಮೂರಾದರೆ ಔಟ್. ಮಾಮಾ ಬೇಲಿ ಹಿಡಿದುಕೊಂಡು “ಒಗಿ, ಒಗಿ” ಅನ್ನುತ್ತಿದ್ದರು, ಅರ್ಥ ಗೊತ್ತಿಲ್ಲದಿದ್ದರೂ ಪಕ್ಕದ ಸಾಲಿನವರೂ ಹಾಗೇ ಕೂಗತೊಡಗಿದ್ದರು. ಮೂರನೆಯದು ನನ್ನ ಕೈಯಿಂದ ಹೊರಟಾಗಲೇ ಗೊತ್ತಾಯಿತು. ಅವನು ಬೀಸಿದ ರಭಸಕ್ಕೆ ತಾನೇ ಒಂದು ಸುತ್ತು ತಿರುಗಿದ. ಚೆಂಡು ಕ್ಯಾಚರ್ ಗ್ಲೌಸಿನಲ್ಲಿತ್ತು. ನಾನು ದಿಬ್ಬದಿಂದ ಇಳಿದದ್ದು ನೆನಪಿಲ್ಲ. ಹಾರಿದೆ ಅನ್ನುತ್ತಾರೆ.

ಪಂದ್ಯ ಸೋತೆವು. ಮುಗಿದ ಮೇಲೆ ಮಕ್ಕಳನ್ನು ಗ್ರೌಂಡಿನೊಳಗೆ ಬಿಟ್ಟರು, ಅವರ ಜೊತೆ ಮಾಮಾನೂ ಒಳಗೆ ಬಂದರು. ಬೆನ್ನು ತಟ್ಟುತ್ತಾರೆ ಅಂತ ಕಾದೆ. ತಟ್ಟಲಿಲ್ಲ. ದಿಬ್ಬವನ್ನು ಬೂಟಿನಿಂದ ಒತ್ತಿ ನೋಡಿ, “ನಾನೂ ಒಂದು ಒಗೀಲೇನು?” ಅಂತ ಕೇಳಿದರು.

ಚೆಂಡು ಕೊಟ್ಟು, ಗ್ಲೌಸ್ ಹಾಕಿಕೊಂಡು, ಬ್ಯಾಟರ್ ನಿಲ್ಲುವ ಕಡೆ ಹೋಗಿ ಕುಕ್ಕರಗಾಲಲ್ಲಿ ಕೂತೆ. ಅರವತ್ತು ದಾಟಿದವರು, ಮೆಲ್ಲಗೆ ಎಸೆಯುತ್ತಾರೆ ಅಂದುಕೊಂಡಿದ್ದೆ. ಚೆಂಡು ಬಂದು ಬಡಿದ ಪೆಟ್ಟಿಗೆ ಅಂಗೈ ಚುರ್ ಅಂದಿತು. ಆದರೆ ನಾನು ಅಂಗೈ ನೋಡಿಕೊಳ್ಳಲಿಲ್ಲ. ಅವರ ಮೊಣಕೈ ನೋಡುತ್ತಿದ್ದೆ. ಅದು ಮಡಚಿತ್ತು, ನನ್ನದು ಮಡಚುವ ಜಾಗದಲ್ಲೇ, ನನ್ನದು ಮಡಚುವ ರೀತಿಯಲ್ಲೇ.

ನಾನು ನೋಡಿದ್ದು ಅವರಿಗೂ ಗೊತ್ತಾಯಿತು.

“ನಿನಗಿಂತ ಸಣ್ಣಾಂವ ಇದ್ದೆ, ನನ್ನ ಬೌಲಿಂಗ್ ನಿಲ್ಲಿಸಿದಾಗ,” ಅಂದರು.

“ಮತ್ತ ಅಂಪೈರ್ ಯಾಕ ಆದ್ರಿ ಮಾಮಾ?”

“ಗ್ರೌಂಡ್ ಬಿಟ್ಟು ಇರಾಕ ಆಗಲಿಲ್ಲೋ.”

ಚೆಂಡನ್ನು ಅವರ ಕಡೆ ತೂರಿದೆ. ಅವರು ಹಿಡಿದುಕೊಂಡು, ತೋಳು ಮೇಲಕ್ಕೆ ಮಡಚಿ, ಸರಿಯಾಗಿ ಕೂಡು ಅಂತ ನನಗೆ ಕೈಸನ್ನೆ ಮಾಡಿದರು. ದಿಬ್ಬಕ್ಕೆ ಟಾರ್ಪಾಲು ಹೊದಿಸಲು ಬಂದವರು ಎರಡು ಸಲ ಹೇಳುವ ತನಕ ಅವರು ಒಗೆಯುತ್ತಲೇ ಇದ್ದರು.