ಒಳಲೆಯ ಮೇಲಿನ ಹೆಸರು

ಶಕುನ ಗಿಕುನ ಎಂದರೆ ನಾನು ನಗುತ್ತಿದ್ದವನು. ಹಲ್ಲಿ ಲೊಚಗುಟ್ಟಿದರೆ ನೆಲ ಮುಟ್ಟುತ್ತಿದ್ದ ಹೆಂಡತಿಯನ್ನು ರೇಗಿಸುತ್ತಿದ್ದೆ. ಈಗ ನೀವು ನನ್ನನ್ನು ನೋಡಿ ನಗಬಹುದು, ಬೇಡ ಅನ್ನುವುದಿಲ್ಲ.

ಎಪ್ಪತ್ತರ ದಶಕದ ಮಾತು. ಬಂಗಾರಪೇಟೆಯ ಪಾತ್ರೆ ಅಂಗಡಿಯೊಂದರಲ್ಲಿ ಹೆಸರು ಕೊರೆಯುವುದು ನನ್ನ ಕೆಲಸ. ಅಕ್ಷರ ಮುದ್ದಾಗಿದ್ದರೂ ಹಕಾರ ಮಾತ್ರ ನಮ್ಮ ಕಡೆಯವರ ಬಾಯಲ್ಲಿ ಹೇಗೋ ನನ್ನ ಉಳಿಯಲ್ಲೂ ಹಾಗೇ, ಹಾರಿಹೋಗುತ್ತಿತ್ತು. ಹನುಮಕ್ಕನನ್ನು ಅನುಮಕ್ಕ ಮಾಡಿ ಬೈಸಿಕೊಂಡಿದ್ದೆ. ಹೆಸರಿನ ಕೊನೆಗೆ ಮೂರು ಚುಕ್ಕಿ ಒತ್ತುವುದೂ ನನ್ನದೇ ಚಾಳಿ.

ಭಾನುವಾರ ಬೆಳಿಗ್ಗೆ ರೈಲು ಹತ್ತಿ ಕೆ.ಜಿ.ಎಫ್‌ನ ಹಳೇ ಸಾಮಾನಿನ ಬೀದಿಗೆ ಹೋಗುತ್ತಿದ್ದೆ. ಬಿಳಿ ಸಾಹೇಬರು ಊರು ಬಿಟ್ಟಾಗ ಅವರ ಅಡುಗೆಯವರು ಉಳಿದ ಪಿಂಗಾಣಿ, ಕುರ್ಚಿಗಳನ್ನು ರಸ್ತೆಗೆ ತಂದಿಟ್ಟು ಈ ವ್ಯಾಪಾರ ಶುರು ಮಾಡಿದ್ದಂತೆ. ಆಮೇಲೆ ಗಣಿ ಕೆಲಸ ಬಿಟ್ಟವರ ಬೂಟು, ಲಾಂದ್ರ, ತೊಟ್ಟಿಲುಗಳೂ ಗೋಣಿತಾಟಿನ ಮೇಲೆ ಬಂದವು. ತಮಿಳಿನಲ್ಲಿ ಕೇಳಿ, ತೆಲುಗಿನಲ್ಲಿ ಚೌಕಾಸಿ ಮಾಡಿ, ಕನ್ನಡದಲ್ಲಿ ಜಗಳವಾಡುವ ಆ ಬೀದಿ ನನಗೆ ಬಲು ಇಷ್ಟ.

ಆಗ ಹೆಂಡತಿಗೆ ಏಳು ತಿಂಗಳು. ಹಿಂದಿನ ಎರಡು ಕೂಸುಗಳು ಉಳಿದಿರಲಿಲ್ಲ. ಹಾಗಾಗಿ ಮನೆಯಲ್ಲಿ ಹೆಸರಿನ ಮಾತೇ ಎತ್ತುತ್ತಿರಲಿಲ್ಲ. ಆ ದಿನ ರೈಲಿನಲ್ಲಿ ಕೂತು, ಹೆಣ್ಣಾದರೆ ಹೇಮಾವತಿ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಯಾರಿಗೂ ಹೇಳಲಿಲ್ಲ.

ಬೀದಿಯ ತುದಿಯಲ್ಲಿ ಅಜ್ಜಿಯೊಬ್ಬಳ ಮುಂದೆ ಕೂಸಿಗೆ ಹಾಲು ಕುಡಿಸುವ ಹಿತ್ತಾಳೆ ಒಳಲೆ ಇತ್ತು. ಉಜ್ಜಿ ಉಜ್ಜಿ ಸವೆದಿತ್ತು. ತಿರುಗಿಸಿ ನೋಡಿದೆ. ‘ಏಮಾವತಿ’. ಕೊನೆಗೆ ಮೂರು ಚುಕ್ಕಿ. ಬೆಳಕಿಗೆ ಹಿಡಿದು ಮತ್ತೊಮ್ಮೆ ಓದಿದೆ. ಬರಹ ನನ್ನದೇ; ಆ ಹೆಸರನ್ನು ನಾನು ಎಂದೂ ಕೊರೆದಿರಲಿಲ್ಲ.

ಯಾರದೆಂದು ಕೇಳಿದೆ.

“ನಮ್ಮತ್ತೆ ಕಾಲ್ದಿಂದ ನಮ್ಮನೇಲೈತೆ ಕಣಪ್ಪ,” ಅಂದಳು ಅಜ್ಜಿ. “ಆ ಎಸ್ರಿನ ಕೂಸು ಮಾತ್ರ ನಮ್ಮನೇಲಿ ಉಟ್ಟೇ ಇಲ್ಲ.”

ಕೆಳಗಿಟ್ಟು ಸ್ಟೇಷನ್ನಿಗೆ ಓಡಿದೆ. ಮುಂದಿನ ವಾರ ಧೈರ್ಯ ಮಾಡಿ ಹೋದರೆ, ಅದನ್ನು ಯಾರೋ ಕೊಂಡುಹೋಗಿದ್ದರು. ಯಾವ ಮನೆಯ ಕೂಸಿಗೆ ಅದರಲ್ಲಿ ಹಾಲು ಕುಡಿಸಿದರೋ ಗೊತ್ತಿಲ್ಲ.

ನಮಗೆ ಹೆಣ್ಣೇ ಹುಟ್ಟಿತು, ಉಳಿಯಿತು. ಬೇರೆ ಹೆಸರಿಟ್ಟೆ, ಯಾಕೆಂದು ಹೆಂಡತಿಗೂ ಹೇಳಲಿಲ್ಲ. ನಮ್ಮ ಕಡೆ ಯಾರು ಕೊರೆದರೂ ಏಮಾವತಿ ಎಂದೇ ಕೊರೆದಾರು ಅಂತ ಸಮಾಧಾನ ಮಾಡಿಕೊಳ್ಳುತ್ತೇನೆ. ಆ ಮೂರು ಚುಕ್ಕಿಗಳಿಗೆ ಏನು ಹೇಳಲಿ?

ಮಗಳ ಮದುವೆಗೆ ತಂದ ಪಾತ್ರೆಗಳನ್ನು ಹೆಸರು ಕೊರೆಯಲು ಬೇರೆಯವನ ಕೈಗೆ ಕೊಟ್ಟಾಗ ಅವಳು ಅತ್ತಳು. “ಊರೋರ್ ಎಸ್ರೆಲ್ಲ ಬರೀತೀಯ, ನನ್ನೆಸ್ರು ಬರೀಬಾರ್ದೇನಪ್ಪ?” ಅಂದಳು. ಉಳಿ ಎತ್ತಿಕೊಂಡವನು ಹಾಗೇ ಕೆಳಗಿಟ್ಟೆ. ನನ್ನ ಕೈ ಯಾವ ಹೆಸರು ಬರೆದುಬಿಡುತ್ತದೋ ಎಂಬ ಹೆದರಿಕೆ ಇವತ್ತಿಗೂ ಹೋಗಿಲ್ಲ.