ಹೊಟ್ಟೆಯಲ್ಲಿ ಎಣ್ಣೆ ಇಟ್ಟುಕೊಳ್ಳದ ಎಂಜಿನ್

ಮುಂಬೈನ ನಮ್ಮ ಗೋರೆಗಾಂವ್ ಗ್ಯಾರೇಜಿಗೆ ಒಮ್ಮೆ ರೇಸ್ ಕಾರು ಬಂತು. ಮರುದಿನವೇ ರೇಸು. ಎಣ್ಣೆ ಬದಲಿಸಲು ಎಂಜಿನ್ನಿನ ಅಡಿಯ ಬೋಲ್ಟ್ ಬಿಚ್ಚಿದರೆ, ಅರ್ಧ ಲೋಟದ ಕಟಿಂಗ್ ಚಹಾದಷ್ಟೂ ಎಣ್ಣೆ ಬೀಳಲಿಲ್ಲ.

“ಸಾಹೇಬ್ರ, ನಿಮ್ಮ ಗಾಡಿಗೆ ಇವತ್ತು ಏಕಾದಶಿ ಏನ್ರಿ?” ಎಂದು ಕಾರಿನ ಮಾಲೀಕರನ್ನು ಕೇಳಿ, ಹೊಸ ಎಣ್ಣೆಯನ್ನು ಎಂಜಿನ್ನಿಗೇ ಸುರಿಯಹೋದೆ.

ಗ್ಯಾರೇಜಿನ ಹಿರಿಯ ಮಿಸ್ತ್ರಿ ಬಸಪ್ಪ ಕಾಕಾ ಡಬ್ಬಿ ಕಸಿದರು. “ಮಂಗ್ಯಾ, ಅಲ್ಲಿ ತುಂಬಿದ್ರ ಎಣ್ಣಿ ಕಡದು ನೊರಿ ಆಗಿ ನಾಳೆ ಎಂಜಿನ್ ಜಾಮ್ ಆಗ್ತೈತಿ. ಇದರ ಎಣ್ಣಿ ಇರೂದು ಸೀಟಿನ ಹಿಂದಿನ ಟಾಕಿಯೊಳಗ.”

ಬೋಲ್ಟ್ ಬಿಗಿದು, ಟಾಕಿಯ ಹಳೆ ಎಣ್ಣೆ ತೆಗೆದು ಹೊಸದು ತುಂಬಿಸಿ, ಮುಚ್ಚಳ ತೆರೆದಿಟ್ಟೇ ಕಾಕಾ ಎಂಜಿನ್ ಶುರು ಮಾಡಿದರು. ಒಂದು ಪಂಪು ಎಣ್ಣೆಯನ್ನು ಎಂಜಿನ್ನಿಗೆ ಕಳಿಸುತ್ತಿತ್ತು, ಇನ್ನೊಂದು ಅದನ್ನೇ ಅಡಿಯಿಂದ ಎಳೆದು ತಂದು ಟಾಕಿಗೆ ಸುರಿಯುತ್ತಿತ್ತು. ಜೇನಿನ ಬಣ್ಣದ ಆ ಧಾರೆ ಕಡಿಯಲೇ ಇಲ್ಲ.

ಸದಾ ಏನಾದರೊಂದು ಹರಟುವ ನಾನು ಬಾಯಿ ಮುಚ್ಚಿ ಅದನ್ನೇ ನೋಡುತ್ತ ನಿಂತದ್ದು ಕಂಡು ಕಾಕಾ ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದರು, ಜ್ವರ ಬಂತೇನೋ ಎಂದು.