ಪೆಟ್ಟಿಗೆ ತೆರೆದದ್ದು ನಾನು

ನನ್ನ ಗಂಡನಿಗೆ ಮೂಡಲಪಾಳ್ಯದಲ್ಲಿ ಪೈಪು, ನಲ್ಲಿ, ನೀರಿನ ಟ್ಯಾಂಕು ಮಾರುವ ಅಂಗಡಿ ಇತ್ತು. ಪಕ್ಕದಲ್ಲೇ ಹೋಮಿಯೋಪತಿ ಡಾಕ್ಟರ ಕ್ಲಿನಿಕ್. ಇಬ್ಬರದು ಇಪ್ಪತ್ತು ವರ್ಷದ ಸ್ನೇಹ. ನನ್ನ ಗಂಡನನ್ನು ಫ್ರೀಮೇಸನ್ ಸಂಘಕ್ಕೆ ಸೇರಿಸಿದ್ದೂ ಆ ಡಾಕ್ಟರೇ. ಗಂಡಸರು ಕೋಟು ಹಾಕಿಕೊಂಡು, ಬಾಗಿಲು ಮುಚ್ಚಿಕೊಂಡು ಸಭೆ ಮಾಡುವ ಸಂಘ ಅದು. ಹೊರಗೆ ಬಂದಮೇಲೆ ಬಡ ಮಕ್ಕಳಿಗೆ ಕನ್ನಡಕ, ಪುಸ್ತಕ ಕೊಡಿಸುತ್ತಿದ್ದರು. ಒಳಗೆ ನಡೆದದ್ದನ್ನು ಹೆಂಡತಿಗೂ ಹೇಳುವಂತಿಲ್ಲ.

ಅದೇ ನನಗೆ ಸಹಿಸಲಾಗಲಿಲ್ಲ. ಅವರ ಬನಿಯನ್ ಒಗೆಯಲು ನಾನು ಬೇಕು, ಸಭೆಗೆ ಒಯ್ಯುವ ಕಪ್ಪು ಪೆಟ್ಟಿಗೆಗೆ ಮಾತ್ರ ಬೀಗ. ಬೀಗದ ಕೈ ಎಲ್ಲಿಡುತ್ತಾರೆಂದು ನೋಡಿಟ್ಟುಕೊಂಡೆ.

ಒಂದು ಮಧ್ಯಾಹ್ನ ಎದುರುಮನೆಯವಳೂ ಒಬ್ಬ ಪ್ಲಂಬರನ ಹೆಂಡತಿಯೂ ಹಪ್ಪಳ ಒತ್ತಲು ಬಂದಿದ್ದರು. ಮಾತಿಗೆ ಮಾತು ಬಂದು ಪೆಟ್ಟಿಗೆ ತೆರೆದೆ. ಒಳಗೆ ಬಿಳಿ ಕೈಗವಸು, ಸೊಂಟಕ್ಕೆ ಕಟ್ಟಿಕೊಳ್ಳುವ ಬಿಳಿ ಚರ್ಮದ ಏಪ್ರನ್, ಅದಕ್ಕೆ ನೀಲಿ ಅಂಚು.

“ಇದೇನಕ್ಕಾ, ಅಣ್ಣ ಅಲ್ಲಿ ಅಡುಗೆ ಮಾಡಕ್ಕೆ ಹೋಗ್ತಾರಾ?” ಎಂದಳು ಪ್ಲಂಬರನ ಹೆಂಡತಿ.

“ಮನೇಲಿ ಒಂದು ಲೋಟ ತೊಳೆಯಲ್ಲ ಕಣೇ,” ಎಂದೆ. ಏಪ್ರನ್ನನ್ನು ಸೀರೆಯ ಮೇಲೆ ಕಟ್ಟಿಕೊಂಡು, ಲಟ್ಟಣಿಗೆ ಹಿಡಿದು, ಅವರ ಹಾಗೆಯೇ ಎದೆ ಉಬ್ಬಿಸಿ ನಡೆದು ತೋರಿಸಿದೆ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ವಾರ ಕಳೆದಿರಲಿಲ್ಲ. ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಆ ಪ್ಲಂಬರ್, “ಭಟ್ರೇ, ಮುಕ್ಕಾಲಿಂಚಿನ ಎಲ್ಬೋ ನಾಲ್ಕು ಕೊಡಿ. ಏಪ್ರನ್ ಕಟ್ಕೊಂಡೇ ಕೊಡಿ” ಎಂದನಂತೆ. ನನ್ನ ಗಂಡ ಊಟದ ಹೊತ್ತಿಗೆ ಮನೆಗೆ ಬಂದು ತಟ್ಟೆ ಮುಟ್ಟಲಿಲ್ಲ.

“ಪೆಟ್ಟಿಗೆ ಏನಾದ್ರೂ ಮುಟ್ಟಿದ್ಯಾ?”

“ನಾನ್ಯಾಕೆ ಮುಟ್ಲಿ? ನಿಮ್ಮ ಡಾಕ್ಟರ ಬಾಯಿ ಸುಮ್ಮನಿರಲ್ಲ. ಅವರನ್ನೇ ಕೇಳಿ.”

ಆ ಹೆಸರು ಯಾಕೆ ಎಳೆದೆ ಎಂದರೆ ಹೆದರಿಕೆ, ಅಷ್ಟೇ. ಡಾಕ್ಟರ ಮೇಲೆ ನನಗೇನೂ ಹಗೆ ಇರಲಿಲ್ಲ. ಕೇಳಿದ್ದಕ್ಕೆ ಅವರು “ನಾನಲ್ಲ” ಎಂದರು. ನನ್ನ ಗಂಡ ನಂಬಿದ್ದು ನನ್ನನ್ನು.

ಮರುವರ್ಷ ನನ್ನ ಗಂಡ ಸಂಘದ ಮುಖ್ಯಸ್ಥರಾದರು. ಅಂದು ಮನೆಯವರಿಗೂ ಊಟವಿತ್ತು. ಡಾಕ್ಟರು ಕಾಣಲಿಲ್ಲ. ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಸದಸ್ಯರ ಹೆಂಡತಿ ಮೆಲ್ಲಗೆ ಹೇಳಿದರು: “ಇಬ್ಬರ ಮಧ್ಯೆ ಮನಸ್ತಾಪ ಇದ್ರೆ, ಅದು ತೀರೋವರೆಗೂ ಏಪ್ರನ್ ಕಟ್ಕೊಂಡು ಒಳಗೆ ಬರೋ ಹಾಗಿಲ್ವಂತೆ ಕಣ್ರೀ. ನಿಮ್ಮ ಯಜಮಾನ್ರಿಗೆ ಅಡ್ಡಿ ಆಗ್ಬಾರ್ದು ಅಂತ ಡಾಕ್ಟರೇ ಹೊರಗೆ ಉಳಿದ್ರಂತೆ.”

ಅಲ್ಲೇ ಎದ್ದು ನಿಜ ಹೇಳಬಹುದಿತ್ತು. ಜರಿ ಸೀರೆ ಉಟ್ಟು, ಎಲ್ಲರಿಂದ ನಮಸ್ಕಾರ ಹಾಕಿಸಿಕೊಂಡು ಕೂತಿದ್ದೆ. ಎರಡು ಒಬ್ಬಟ್ಟು ತಿಂದು ಮನೆಗೆ ಬಂದೆ.

ಆಮೇಲೆ ಏಳು ವರ್ಷ ಒಂದೇ ಗೋಡೆಯ ಆಚೆ ಈಚೆ ಕೂತು ಇಬ್ಬರೂ ಮಾತಾಡಲಿಲ್ಲ. ನನ್ನ ಮಂಡಿ ನೋವಿಗೆ ಮಾತ್ರ ಡಾಕ್ಟರು ಮೊದಲಿನ ಹಾಗೇ ಗುಳಿಗೆ ಕೊಡುತ್ತಿದ್ದರು. “ಅವನು ಒಂದ್ಸಲ ತಪ್ಪಾಯ್ತು ಅಂದಿದ್ರೆ ಸಾಕಿತ್ತು ಕಣೇ,” ಎಂದು ನನ್ನ ಗಂಡ ಎರಡು ಮೂರು ಸಲ ಅಂದಿದ್ದುಂಟು. ಒಗ್ಗರಣೆ ಸೀಯುತ್ತದೆ ಎಂದು ನಾನು ಅಡುಗೆಮನೆಗೆ ಹೋಗುತ್ತಿದ್ದೆ.

ಹೋದ ವರ್ಷ ಅವರು ತೀರಿಕೊಂಡರು. ಡಾಕ್ಟರು ಬಂದು ಕಾಲ ಬಳಿ ಸ್ವಲ್ಪ ಹೊತ್ತು ನಿಂತು ಹೋದರು. ತಿಂಗಳು ಕಳೆದಮೇಲೆ ಒಂದು ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗಿ, ಲಟ್ಟಣಿಗೆ ಹಿಡಿದು ಕುಣಿದದ್ದೂ ಸೇರಿ ಎಲ್ಲ ಹೇಳಿದೆ. ಅವರು ಸಕ್ಕರೆ ಗುಳಿಗೆಗಳನ್ನು ಸೀಸೆಗೆ ತುಂಬುತ್ತಾ ಕೇಳಿದರು.

“ಅವನಿಗೆ ಹೇಳಿದ್ರಾ?”

“ಇಲ್ಲ.”

“ಆಸ್ಪತ್ರೇಲಿ? ಕೊನೇಲಿ?”

“ಇಲ್ಲ ಡಾಕ್ಟ್ರೇ.”

“ಹಾಗಾದ್ರೆ ನಾನೇ ಅಂದ್ಕೊಂಡೇ ಹೋದ.”

ಕ್ಷಮಿಸಿ ಎಂದೆ. ಅವರು ಸೀಸೆಗೆ ಬಿರಡೆ ಹಾಕಿದರು. ಯಾವಾಗಲೂ ಅತ್ತಿಗೆ ಎನ್ನುತ್ತಿದ್ದವರು ಅಂದು, “ನಿಮ್ಮ ಮಂಡಿ ನೋವಿಗೆ ಇನ್ಮೇಲೆ ಬೇರೆ ಕಡೆ ತೋರಿಸ್ಕೊಳ್ಳಿ ಅಮ್ಮ. ನನ್ನ ಕೈಲಿ ಆಗಲ್ಲ” ಎಂದರು.

ಈಗ ನಾಗರಬಾವಿಗೆ ಹೋಗಿ ತೋರಿಸಿಕೊಳ್ಳುತ್ತೇನೆ. ಆಟೋದವನು ಅಂಗಡಿ ಬೀದಿಗೆ ತಿರುಗಿಸಲು ಹೋದರೆ, ಬೇಡಪ್ಪ, ಸುತ್ತಿ ಹೋಗು ಎನ್ನುತ್ತೇನೆ.